ಕುಂಡದ ಒಳಮೈ

ಉಜ್ಜುಗಲ್ಲು ತಿರುಗುತ್ತಿತ್ತು, ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಬೆರಳುಗಳು ಇಪ್ಪತ್ತಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸವನ್ನೇ ಮಾಡುತ್ತಿದ್ದವು. ಬಾಯಿ ಮಾತ್ರ ಅವನ ಅಪ್ಪಣೆಗೆ ಕಾಯದೆ ನಗುತ್ತಿತ್ತು. ಕನ್ನಡಕದಂಗಡಿಯ ಹಿಂದಿನ ಆ ಇಕ್ಕಟ್ಟು ಕೋಣೆಯಲ್ಲಿ ನಗುವುದಕ್ಕೆ ಕಾರಣವೇನೂ ಇರಲಿಲ್ಲ. ಗೋಡೆಗೆ ಸಿಡಿದ ಬಿಳಿ ಕೆಸರು, ತಟ್ಟೆಗಳಲ್ಲಿ ಚೀಟಿ ಸಮೇತ ಕಾದು ಕೂತ ಜೋಡಿ ಜೋಡಿ ಮಸೂರಗಳು, ಬಾಗಿಲ ಹಿಂದೆ ನೇತುಹಾಕಿದ ಒದ್ದೆ ಏಪ್ರನ್ನು. ಯಾರಾದರೂ ಇಣುಕಿದರೆ ಏನು ಹೇಳುವುದೆಂದು ಹೆದರಿ, ಧೂಳಿಗೆಂದು ಇಟ್ಟುಕೊಂಡ ಬಟ್ಟೆಯನ್ನು ಮೂಗಿನವರೆಗೂ ಕಟ್ಟಿಕೊಂಡ. ಬಟ್ಟೆಯೊಳಗೆ ನಗು ಇನ್ನಷ್ಟು ಬೆಚ್ಚಗಾಯಿತು. ಬೆಳಿಗ್ಗೆ ಏಳೂಕಾಲಕ್ಕೆ ನೋಡಿದ್ದು: ಗಾಜಿನ ತೊಟ್ಟಿಯಲ್ಲಿ ಅಡ್ಡ ಮಲಗಿಸಿದ ಮಣ್ಣಿನ ಹೂಕುಂಡದ ಒಳಮೈಗೆ ಅಂಟಿಕೊಂಡ, ಹೆಬ್ಬೆರಳಿನಗಲದ ಒಂದು ಕಿತ್ತಳೆ ಮಚ್ಚೆ. ಕಣ್ಣು ಹತ್ತಿರ ಒಯ್ದರೆ ಅದು ಮಚ್ಚೆಯಲ್ಲ, ಒತ್ತೊತ್ತಾಗಿ ನಿಂತ ನೂರಾರು ಮೊಟ್ಟೆ. ಅವನ ಕೋಡಂಗಿ ಮೀನುಗಳು ಒಂದು ವರ್ಷ ಕಾಯಿಸಿ, ಸತಾಯಿಸಿ, ಕೊನೆಗೂ ಮೊಟ್ಟೆ ಇಟ್ಟಿದ್ದವು. ಇಡೀ ಲೋಕದಲ್ಲಿ ಈ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಹೆಂಡತಿಗೂ ಹೇಳದೆ ಬಂದಿದ್ದ.

ಹೆಂಡತಿಗೂ ಹೇಳದೆ ಎಂಬಲ್ಲಿಗೆ ಬಂದಾಗಲೆಲ್ಲ ನಗು ಒಂದು ಕ್ಷಣ ಕಾಲೆಡವಿದಂತಾಗುತ್ತಿತ್ತು. ಹೇಳಬಹುದಿತ್ತು. ಅವಳು ಹತ್ತು ಹೆಜ್ಜೆ ದೂರದಲ್ಲಿ, ಅಡುಗೆಮನೆಯಲ್ಲಿ, ಚಹಾಕ್ಕೆ ನೀರಿಟ್ಟು ಏನೋ ಗುನುಗುತ್ತಿದ್ದಳು. ಕರೆಯಲು ಬಾಯಿ ತೆರೆದೂ ಆಗಿತ್ತು. ಆದರೆ ಆ ಹೊತ್ತಿಗೆ ಒಳಗಿನಿಂದ ಯಾರೋ, ನಲವತ್ತೇಳು ವರ್ಷ ಒಬ್ಬನೇ ಉಂಡು ಒಬ್ಬನೇ ಮಲಗಿದ ಹಳೆಯ ಬಾಡಿಗೆದಾರನೊಬ್ಬ, ಈಗಲೇ ಬೇಡ ಎಂದ. ಒಂದು ದಿನ ನಮ್ಮಲ್ಲೇ ಇರಲಿ, ಸಂಜೆ ಕೊಟ್ಟರಾಯಿತು. ಅವಳು ಚಹಾ ತಂದಿಟ್ಟಾಗ ಅವನು ತೊಟ್ಟಿಗೆ ಬೆನ್ನು ಹಾಕಿ, ಇಡೀ ಮೈಯಿಂದ ಕುಂಡವನ್ನು ಮರೆಮಾಡಿಕೊಂಡು ನಿಂತಿದ್ದ. "ಬಸ್ಸಿಗೆ ಹೊತ್ತಾಯ್ತಲ್ವಾ ನಿಮಗೆ?" ಎಂದಿದ್ದಳು. ಹೌದು ಹೌದು ಎಂದು ಲೋಟ ಅರ್ಧಕ್ಕೇ ಇಟ್ಟು, ಕಳ್ಳನ ಹಾಗೆ ಹೊರಬಿದ್ದಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಮಿಠಾಯಿಯನ್ನು ಕೆನ್ನೆಯಲ್ಲಿ ಅಡಗಿಸಿಕೊಂಡ ಮಗುವಿನ ಹಾಗೆ ಆ ಕಿತ್ತಳೆ ಬಣ್ಣವನ್ನು ನಾಲಗೆಯಿಂದ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಗಾಜಣ್ಣಾ, ಸ್ವಲ್ಪ ಹೊರಗೆ ಬಾಪ್ಪಾ." ಅಂಗಡಿಯ ಒಡೆಯನ ದನಿ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಾಗೆಯೇ, ಸಂಬಳದ ಚೀಟಿಯಲ್ಲಿ ಮಾತ್ರ ಬೇರೆ ಹೆಸರಿತ್ತು. ಬಟ್ಟೆ ಕೆಳಗೆಳೆದುಕೊಂಡು ಹೊರಗೆ ಹೋದರೆ, ಕನ್ನಡಿಗಳ ನಡುವೆ ಎತ್ತರದ ಹೆಂಗಸೊಬ್ಬಳು ಹೊಸ ಕನ್ನಡಕ ಹಾಕಿಕೊಂಡು, ಹಡಗಿನಲ್ಲಿ ನಿಂತವಳಂತೆ ಮೇಜು ಹಿಡಿದುಕೊಂಡಿದ್ದಳು. "ನೆಲ ವಾಲ್ತಿದೆ ಕಣ್ರೀ," ಎಂದಳು. ಅವನು ಚೀಟಿ ನೋಡಿದ. ಇಪ್ಪತ್ತು ಡಿಗ್ರಿಯ ಓರೆಗೆ ಕೂರಿಸಬೇಕಾದ ಎಡಗಣ್ಣಿನ ಮಸೂರವನ್ನು ನೂರಾ ಇಪ್ಪತ್ತಕ್ಕೆ ಕೂರಿಸಿ ಅಂಚು ಉಜ್ಜಿಬಿಟ್ಟಿದ್ದ. ಆ ದಿನದ ಮೊದಲ ಕೆಲಸ ಅದೇ. ಇಷ್ಟು ವರ್ಷಗಳಲ್ಲಿ ಇಂಥ ತಪ್ಪು ಎಷ್ಟು ಸಲ ಆಗಿತ್ತೆಂದು ಒಂದೇ ಕೈಯ ಬೆರಳಲ್ಲಿ ಹೇಳಬಹುದಿತ್ತು. ಒಡೆಯ ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. "ಹೊಸ ಮದುವೆ ನೋಡಿ ಮೇಡಂ, ಕಣ್ಣು ಕೆಲಸದ ಮೇಲಿಲ್ಲ," ಎಂದ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಚೀಟಿ ಬರೆಯುವ ಹುಡುಗಿ ತಲೆ ತಗ್ಗಿಸಿ ನಕ್ಕಳು, ನೆಲ ವಾಲಿದ ಹೆಂಗಸೂ ನಕ್ಕಳು. ಅವನ ಕಿವಿ ಬಿಸಿಯಾಯಿತು. ನಾಳೆ ಹೊಸದು ಮಾಡಿಕೊಡುತ್ತೇನೆ ಎಂದು ನೆಲಕ್ಕೆ ಹೇಳಿ ಒಳಗೆ ಬಂದ. ಬಂದು ಕೂತು, ಅವಮಾನ ಇಷ್ಟಕ್ಕೇ ಬಿಡುವುದಿಲ್ಲ, ಸಂಜೆಯವರೆಗೂ ಕಚ್ಚುತ್ತದೆ ಎಂದು ಕಾಯುತ್ತಿದ್ದರೆ, ಆಶ್ಚರ್ಯ, ಬಾಯಿ ಮತ್ತೆ ನಗಲು ಶುರುಮಾಡಿತ್ತು.

ಆರು ವರ್ಷ ಆ ತೊಟ್ಟಿಯಲ್ಲಿ ಒಂದೇ ಮೀನು ಇತ್ತು. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಎದೆಯುಬ್ಬಿಸಿ ಅತ್ತಿಂದಿತ್ತ ಗಸ್ತು ತಿರುಗುವ ಠೀವಿ. ಅವನು ಅದಕ್ಕೆ ಸಾಹೇಬ್ರು ಎನ್ನುತ್ತಿದ್ದ. ಸಂಜೆ ಬಂದು ದೀಪ ಹಾಕಿ, ಇದ್ದ ಒಂದೇ ಕುರ್ಚಿಯನ್ನು ಎಳೆದುಕೊಂಡು, ಸಾಹೇಬರಿಗೆ ದಿನದ ವರದಿ ಒಪ್ಪಿಸುತ್ತಿದ್ದ. ಅಕ್ಕ ಹಟ ಹಿಡಿದು ಈ ಸಂಬಂಧ ತಂದಾಗ ಅವನಿಗೆ ಹುಟ್ಟಿದ ಮೊದಲ ಭಯ, ಬರುವವಳು ಈ ತೊಟ್ಟಿಯನ್ನು ಎಲ್ಲಿಡಿಸುತ್ತಾಳೋ ಎಂಬುದು. ಅವಳು ಶಾಲೆಯೊಂದರ ವಿಜ್ಞಾನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ದ್ರಾವಣ ಬೆರೆಸಿಡುವ ಕೆಲಸದವಳು. ವಯಸ್ಸು ನಲವತ್ತೈದು, ಅವಳಿಗೆ ಇದು ಎರಡನೆಯ ಮದುವೆ. ಬಂದ ಮೊದಲ ದಿನ ಎರಡು ಪೆಟ್ಟಿಗೆ, ಒಂದು ಕುರ್ಚಿ ತಂದಳು. ಕುರ್ಚಿಯನ್ನು ನೇರವಾಗಿ ತೊಟ್ಟಿಯ ಮುಂದೆ, ಅವನ ಕುರ್ಚಿಯ ಪಕ್ಕಕ್ಕೆ ಇಟ್ಟಳು. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಸಾಹೇಬರಿಗೆ ವರದಿ ಒಪ್ಪಿಸುವುದು ಆ ದಿನವೇ ನಿಂತುಹೋಯಿತು, ಇನ್ನೊಬ್ಬರ ಎದುರಿಗೆ ಮೀನಿನ ಜೊತೆ ಮಾತಾಡುವುದು ಹೇಗೆ? ಅವಳಿಗೇನೂ ಹೇಳದೆ, ಒಳಗೊಳಗೇ, ಅದೊಂದು ಸಾಲವೆಂಬಂತೆ ಅವಳ ಮೇಲೆ ಹೊರಿಸಿಟ್ಟುಕೊಂಡಿದ್ದ. ಇಬ್ಬರೂ ಒಬ್ಬರಿಗೊಬ್ಬರು ನೀವು, ತಾವು ಎನ್ನುತ್ತ, ರೈಲಿನಲ್ಲಿ ಎದುರು ಬದುರು ಸೀಟು ಸಿಕ್ಕ ಮರ್ಯಾದಸ್ಥರ ಹಾಗೆ ಕಾಲು ತಾಗದಂತೆ ಬದುಕುತ್ತಿದ್ದರು. ಎರಡನೆಯ ತಿಂಗಳಲ್ಲಿ ಒಂದು ಸಂಜೆ ಅವಳೇ ಕೇಳಿದಳು: "ಪಾಪ, ಇದಕ್ಕೆ ಜೊತೆ ಬೇಡ್ವಾ?"

ಅಕ್ವೇರಿಯಂ ಅಂಗಡಿಯಾಕೆ ದಪ್ಪ ಗಂಟಲಿನ, ಯಾರಿಗೂ ಕೇರ್ ಮಾಡದ ಹೆಂಗಸು. ಗಂಡು ಮೀನಿಗೆ ಹೆಣ್ಣು ಬೇಕು ಎಂದು ಅವನು ಸಂಕೋಚದಿಂದ ಹೇಳಿದ್ದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಳು. "ಈ ಜಾತೀಲಿ ಹುಟ್ತಾ ಎಲ್ಲಾ ಗಂಡೇ ಕಣ್ರೀ. ಎರಡು ಒಟ್ಟಿಗಿದ್ರೆ ದೊಡ್ಡದು ಹೆಣ್ಣಾಗುತ್ತೆ, ಸಣ್ಣದು ಗಂಡಾಗೇ ಉಳಿಯುತ್ತೆ. ನಿಮ್ಮ ಸಾಹೇಬ್ರು ಇನ್ಮೇಲೆ ಅಮ್ಮಾವ್ರು." ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವನಿಗೆ ಮಾತ್ರ ಆರು ವರ್ಷ ಒಟ್ಟಿಗಿದ್ದವರೊಬ್ಬರ ಬಗ್ಗೆ ತನಗೇನೂ ಗೊತ್ತೇ ಇರಲಿಲ್ಲವಲ್ಲ ಎಂದು ಪಿಚ್ಚೆನಿಸಿತು. ಉಗುರಿನುದ್ದದ ಒಂದು ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತ ಅಂಗಡಿಯಾಕೆ ಹೇಳಿದ್ದು ಇಷ್ಟು: ದೊಡ್ಡದು ಅಟ್ಟಿಸಿಕೊಂಡು ಬಂದಾಗ ಸಣ್ಣದು ಓರೆಯಾಗಿ ಮೈ ನಡುಗಿಸಿದರೆ ಒಳ್ಳೆಯದು, ಶರಣಾಯಿತು ಎಂದರ್ಥ, ನಡುಗದಿದ್ದರೆ ತೆಗೆದುಬಿಡಿ, ಕೊಂದುಹಾಕುತ್ತೆ. ಮನೆಯಲ್ಲಿ ಅದು ನಡುಗಿದ್ದನ್ನು ನೋಡಲಾಗದೆ ಅವನು ವರಾಂಡಕ್ಕೆ ಎದ್ದುಹೋಗಿದ್ದ. ಅವಳು ಕೂತು ನೋಡಿ, ಬಂದು, "ಒಪ್ಪಂದ ಆಯ್ತು," ಎಂದು ಹೇಳಿದ್ದಳು.

ಆಮೇಲಿನದು ಕಾಯುವ ಕೆಲಸ. ದಿನಕ್ಕೆ ಮೂರು ಸಲ ಚಿಟಿಕೆ ಚಿಟಿಕೆ ಆಹಾರ, ಒಂದೇ ಹೊತ್ತಿಗೆ ದೀಪ ಹತ್ತಿ ಒಂದೇ ಹೊತ್ತಿಗೆ ಆರಬೇಕು, ನೀರಿನ ಬಿಸಿ ಇಪ್ಪತ್ತೇಳಕ್ಕಿಂತ ಆಚೀಚೆ ಆಗಕೂಡದು, ಕಡಲ ಮೀನಾದ್ದರಿಂದ ನೀರಿನ ಉಪ್ಪೂ ಹೆಚ್ಚುಕಡಿಮೆ ಆಗಕೂಡದು. ಉಪ್ಪು ನೋಡುವುದು ಅವಳ ಪಾಲಿಗೆ ಬಂತು. ಶಾಲೆಯಲ್ಲಿ ಮಕ್ಕಳಿಗೆ ದ್ರಾವಣ ಬೆರೆಸಿದಷ್ಟೇ ಗಾಂಭೀರ್ಯದಿಂದ, ನಾಲಗೆಯ ತುದಿ ಹೊರಗೆ ಚಾಚಿ, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದಳು. ಹಾಗೆ ಹಿಡಿದಾಗ ಅವಳ ಮುಖ ಚೆನ್ನಾಗಿರುತ್ತದೆಂದು ಅವನು ಗಮನಿಸಿದ್ದ, ಹೇಳಿರಲಿಲ್ಲ. ಮೊಟ್ಟೆ ಇಡಲು ಒಂದು ಗಟ್ಟಿ ಜಾಗ ಬೇಕೆಂದು ಬಾಲ್ಕನಿಯ ಹೂಕುಂಡವೊಂದನ್ನು ಕುದಿಸಿ, ತೊಳೆದು, ಅಡ್ಡ ಮಲಗಿಸಿದ್ದೂ ಅವಳೇ. ಹತ್ತು ತಿಂಗಳು ಮೀನುಗಳು ಆ ಕುಂಡದ ಕಡೆ ತಿರುಗಿಯೂ ನೋಡಲಿಲ್ಲ. ಹೋದ ವಾರ ಇದ್ದಕ್ಕಿದ್ದಂತೆ ಸಣ್ಣದು ಅದರ ಒಳಮೈಯನ್ನು ಬಾಯಿಂದ ಕುಕ್ಕಿ ಕುಕ್ಕಿ ಉಜ್ಜತೊಡಗಿತ್ತು. ಈಗ ಉಜ್ಜುಗಲ್ಲಿನ ಮುಂದೆ ಕೂತು ಅದನ್ನೆಲ್ಲ ನೆನೆಯುತ್ತಿದ್ದವನಿಗೆ, ಕುಂಡ ಅವಳದು, ಉಪ್ಪು ಅವಳದು, ಜೊತೆ ಬೇಡ್ವಾ ಎಂದ ಮಾತೂ ಅವಳದು, ತಾನು ಬಚ್ಚಿಟ್ಟುಕೊಂಡು ಬಂದದ್ದು ಯಾರ ಸೊತ್ತು ಎಂಬ ಪ್ರಶ್ನೆ ಎದ್ದಿತು. ಊಟದ ಬಿಡುವಿನಲ್ಲಿ ಅವಳ ಶಾಲೆಗೆ ಫೋನು ಮಾಡಲೆಂದು ಮೊಬೈಲು ಕೈಗೆತ್ತಿಕೊಂಡ. ಸಂಜೆ ಕಣ್ಣಾರೆ ತೋರಿಸಿದರೆ ಹೆಚ್ಚು ಚೆಂದ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಜೇಬಿಗಿಟ್ಟ.

ಸಂಜೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಅವಳು ಆಗಲೇ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದಳು. ಕುಂಡದ ಒಳಮೈ ಬರೀ ಮಣ್ಣಿನ ಬಣ್ಣದ್ದಾಗಿತ್ತು. ಒಂದು ಮೊಟ್ಟೆಯೂ ಇರಲಿಲ್ಲ. ಸಣ್ಣ ಮೀನು ಏನೂ ಆಗಿಲ್ಲವೆನ್ನುವ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಮೊದಲ ಸಲ ಹೆಚ್ಚಾಗಿ ತಾವೇ ತಿಂದುಬಿಡುತ್ತವೆ ಎಂದು ಅಂಗಡಿಯಾಕೆ ಎಚ್ಚರಿಸಿದ್ದುಂಟು. ಆದರೂ ಅವನು ಚೀಲವನ್ನು ಹೆಗಲಿನಿಂದ ಇಳಿಸದೆ ತೊಟ್ಟಿಯ ಮುಂದೆ ನಿಂತುಬಿಟ್ಟ. "ಯಾಕೆ, ಹುಷಾರಿಲ್ವಾ?" ಎಂದಳು. "ಕೆಲಸದಲ್ಲಿ ಒಂದು ತಪ್ಪಾಯ್ತು. ಓರೆ ಕೂರಿಸಿಬಿಟ್ಟೆ," ಎಂದ. ಅಷ್ಟೇ ತಾನೆ ಎನ್ನುವಂತೆ ಅವಳು ಅವನ ತೋಳು ತಟ್ಟಿದಳು. ಅವಳು ಎಂದೂ ನೋಡದ ಒಂದು ವಸ್ತುವನ್ನು ಅವಳಿಂದ ಕದ್ದು ಕಳೆದುಹಾಕಿದ್ದೇನೆ, ಅವಳಿಗೆ ಏನು ಕಳೆಯಿತೆಂದೇ ಗೊತ್ತಿಲ್ಲ ಎಂದುಕೊಂಡ. ಕ್ಷಮೆ ಕೇಳಲೂ ಮೊದಲು ಅದು ಇತ್ತೆಂದು ಹೇಳಬೇಕು. ಮುಂದಿನ ಹದಿನೈದು ದಿನ ಅವನು ವಿಪರೀತ ಒಳ್ಳೆಯವನಾಗಿಬಿಟ್ಟ. ಪಾತ್ರೆ ತೊಳೆದ, ಕಿಟಕಿಯ ಗಾಜು ಒರೆಸಿದ, ಅವಳ ಕನ್ನಡಕದ ಸಡಿಲ ತಿರುಪು ಬಿಗಿಮಾಡಿದ, ಬಿಗಿಯಾಗಿದ್ದನ್ನೂ ಇನ್ನೊಮ್ಮೆ ಬಿಗಿಮಾಡಿದ. ಅವಳು ಪ್ರತಿಸಲವೂ ಏನೋ ಹೇಳಹೊರಟವಳಂತೆ ನೋಡಿ, ಥ್ಯಾಂಕ್ಸ್ ಎಂದು ಸುಮ್ಮನಾಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಕುಂಡದೊಳಗೆ ಮತ್ತೆ ಕಿತ್ತಳೆ ಬಣ್ಣ ಕಂಡಿತು. ಈ ಸಲ ಅಂಗೈಯ ಗುಳಿಯಷ್ಟಗಲ. ಹಳೆಯ ಬಾಡಿಗೆದಾರ ಬಾಯಿ ತೆರೆಯುವ ಮೊದಲೇ ಅವನು ಬರಿಗಾಲಲ್ಲಿ ಅಡುಗೆಮನೆಗೆ ಓಡಿ, ಅವಳ ಒದ್ದೆ ಕೈಯನ್ನೇ ಹಿಡಿದು ಎಳೆದುಕೊಂಡು ಬಂದ. "ನೋಡಿ, ನೋಡಿ! ಮತ್ತೆ ಇಟ್ಟಿವೆ!"

ಅವಳು ಮೊಣಕಾಲೂರಿ ಗಾಜಿಗೆ ಮೂಗು ತಾಗಿಸಿದಳು. "ಅಯ್ಯಯ್ಯೋ, ಹೋದ ಸಲಕ್ಕಿಂತ ಎಷ್ಟೊಂದು ಜಾಸ್ತಿ!" ಎಂದಳು.

ಎರಡು ಮಾತೂ ಕೋಣೆಯ ಮಧ್ಯೆ ಬಂದು ನಿಂತವು. ಮತ್ತೆ ಎಂದೆನಲ್ಲ ಎಂದು ಅವನು ಸುಟ್ಟುಕೊಂಡ ನಾಲಗೆಯನ್ನು ಹಲ್ಲಿನ ಹಿಂದೆ ಎಳೆದುಕೊಳ್ಳುತ್ತಿದ್ದಾಗ, ಹೋದ ಸಲ ಎಂಬುದು ಕಿವಿಯಿಂದ ತಲೆಗೆ ನಿಧಾನವಾಗಿ ಇಳಿಯಿತು. ಅವಳು ಗಾಜಿನಿಂದ ಮುಖ ತೆಗೆಯದೆ ಕೇಳಿದಳು: "ನೀವು ನೋಡಿದ್ರಾ?"

"ಏಳೂಕಾಲಕ್ಕೆ," ಎಂದ. "ನೀವು?"

"ಆರಕ್ಕೆ. ಇನ್ನೂ ದೀಪ ಹತ್ತಿರಲಿಲ್ಲ, ಕಿಟಕಿ ಬೆಳಕಲ್ಲಿ ಕಂಡ್ವು."

"ಹೇಳಲೇ ಇಲ್ಲ ನೀವು."

"ನೀವು ಹೇಳಿದ್ರಾ?"

ನನಗೆ ಅಚ್ಚರಿಯಾಗಲಿ ಎಂದು, ನಾನೇ ಮೊದಲು ನೋಡಲಿ ಎಂದು ಸುಮ್ಮನಿದ್ದಳೇನೋ ಎಂದು ಅವನಿಗೆ ಭಯವಾಯಿತು. ಹಾಗಿದ್ದರೆ ಅವನು ಇನ್ನೂ ಕೆಳಗಿಳಿಯಬೇಕಿತ್ತು, ಅವಳ ಒಳ್ಳೆಯತನದ ಪಕ್ಕದಲ್ಲಿ ಆಯುಷ್ಯವಿಡೀ ಕುಗ್ಗಿ ಕೂರಬೇಕಿತ್ತು. ಆದರೆ ಅವಳು ತಿರುಗಿದಾಗ ಮುಖ ಕೆಂಪಾಗಿತ್ತು. "ಒಂದು ದಿನ ನಂದೇ ಆಗಿರ್ಲಿ ಅನ್ನಿಸ್ತು ಕಣ್ರೀ. ಯಾರಿಗೂ ಇಲ್ಲದ್ದು. ಸಂಜೆ ಹೇಳೋಣ ಅಂದ್ಕೊಂಡೆ. ಶಾಲೇಲಿ ಬೀಕರ್ ತೊಳೀತಾ ತೊಳೀತಾ ಒಬ್ಬಳೇ ನಗ್ತಿದ್ದೆ, ಹುಡುಗೀರು ಮೇಡಂಗೆ ಏನೋ ಆಗಿದೆ ಅಂದ್ರು. ಎರಡು ಬೀಕರ್ ಒಡೆದೆ. ಬಂದು ನೋಡಿದ್ರೆ ಎಲ್ಲಾ ಖಾಲಿ. ನನ್ನ ಪಾಪಕ್ಕೇ ಹೋಯ್ತು ಅಂದ್ಕೊಂಡು ಹದಿನೈದು ದಿನದಿಂದ ನಿಮ್ಮ ಮುಖ ನೋಡೋಕಾಗ್ತಿಲ್ಲ. ಅದರಲ್ಲೂ ನೀವು ಬೇರೆ ಪಾತ್ರೆ ತೊಳೀತೀರ!"

ಅವನಿಗೆ ಅವಳ ಮೇಲೆ ಆ ಕ್ಷಣದಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ತನ್ನಷ್ಟೇ ಜಿಪುಣಿ! ಮನೆಯಲ್ಲಿ ಒಬ್ಬಳು ದೇವತೆಯಿದ್ದಾಳೆ, ಎಚ್ಚರದಿಂದಿರಬೇಕು ಎಂದು ಹದಿನಾಲ್ಕು ತಿಂಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದವನ ಬೆನ್ನು ಒಮ್ಮೆಗೇ ಸಡಿಲವಾಯಿತು. ನೆಲದ ಮೇಲೆ, ಅವಳ ಪಕ್ಕಕ್ಕೆ ಕುಸಿದು ಕೂತು, ವಾಲುವ ನೆಲದ ಹೆಂಗಸಿನ ಕಥೆ ಹೇಳಿದ. ಕಿವಿ ಬಿಸಿಯಾದದ್ದನ್ನೂ ಬಿಡಲಿಲ್ಲ. ಅವಳು ನಕ್ಕು ನಕ್ಕು ಅವನ ಭುಜಕ್ಕೆ ತಲೆ ಇಟ್ಟು ಕಣ್ಣೊರೆಸಿಕೊಂಡಳು. ತೊಟ್ಟಿಯಲ್ಲಿ ಸಣ್ಣ ಮೀನು ಈ ಸದ್ದಿಗೆಲ್ಲ ತಲೆಕೆಡಿಸಿಕೊಳ್ಳದೆ, ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರು ಆಡಿಸುತ್ತಿತ್ತು. ಈ ಸಲ ಅದಕ್ಕೂ ಕೆಲಸ ಬಂದಿತ್ತು.

ಆ ವಾರ ಮನೆ ಪ್ರಯೋಗಾಲಯವಾಯಿತು. ಮರಿಗಳ ಬಾಯಿಗೆ ಹಿಡಿಸುವ ಆಹಾರವೆಂದರೆ ರೋಟಿಫರ್ ಎಂಬ, ಕಣ್ಣಿಗೆ ಕಾಣದಷ್ಟು ಚಿಕ್ಕ ನೀರುಹುಳ. ಅಂಗಡಿಯಾಕೆ ಒಂದು ಸೀಸೆ ಕೊಟ್ಟಳು, ಅಡುಗೆಮನೆಯ ಕಿಟಕಿಯಲ್ಲಿ ಆ ಹುಳ ಸಾಕುವ ಹಸಿರು ಪಾಚಿನೀರಿನ ಬಾಟಲಿಗಳು ಸಾಲಾಗಿ ನಿಂತವು. ಶಾಲೆಯಿಂದ ಹಳೆಯ ಸೂಕ್ಷ್ಮದರ್ಶಕವೊಂದನ್ನು ಅವಳು ಕೇಳಿ ತಂದಳು. ಅದರ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಅವನು ಬಿಚ್ಚಿ, ಒರೆಸಿ, ಕೂರಿಸಿದ. ಒಂದು ಹನಿಯಲ್ಲಿ ಗಿರಗಿರ ತಿರುಗುವ ನೂರು ಜೀವಗಳನ್ನು ಇಬ್ಬರೂ ಸರದಿಯ ಮೇಲೆ ನೋಡಿದರು, ಸರದಿಗಾಗಿ ಜಗಳವನ್ನೂ ಆಡಿದರು. ಕಿತ್ತಳೆ ಮೊಟ್ಟೆಗಳು ದಿನದಿಂದ ದಿನಕ್ಕೆ ಕಂದಿ, ಆರನೆಯ ದಿನ ಪ್ರತಿಯೊಂದರಲ್ಲೂ ಎರಡು ಬೆಳ್ಳಿಯ ಚುಕ್ಕೆ ಕಾಣಿಸಿದವು. ಬದುಕಿಡೀ ಕಣ್ಣುಗಳಿಗಾಗಿ ಗಾಜು ಉಜ್ಜಿದವನು ಆರುನೂರು ಕಣ್ಣುಗಳು ಒಟ್ಟಿಗೆ ತನ್ನತ್ತ ನೋಡುವುದನ್ನು ಕಂಡು, ಏನೂ ತೋಚದೆ, ಕೈಮುಗಿಯುವಂತೆ ಎರಡೂ ಅಂಗೈಗಳನ್ನು ಗಾಜಿನ ಮೇಲಿಟ್ಟ.

ಎಂಟನೆಯ ಸಂಜೆ. ಮೊಟ್ಟೆ ಒಡೆಯಲು ಗವ್ವೆನ್ನುವ ಕತ್ತಲೆ ಬೇಕು, ಕತ್ತಲಾದ ಎರಡು ತಾಸಿನೊಳಗೆ ಎಲ್ಲ ಮುಗಿಯುತ್ತದೆ ಎಂದು ಅಂಗಡಿಯಾಕೆ ಹೇಳಿದ್ದಳು. ಆರೂವರೆಗೇ ದೀಪ ಆರಿಸಿ, ಕಿಟಕಿಗೆ ಎರಡು ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಟವೆಲು ತುರುಕಿ, ಇಬ್ಬರೂ ನೆಲದ ಮೇಲೆ ಕೂತರು. ಪಕ್ಕದಲ್ಲಿ ತೊಟ್ಟಿಯದೇ ನೀರು ತುಂಬಿದ ಕಪ್ಪು ಟಬ್ಬು, ಒಂದು ಬಟ್ಟಲು, ತೆಳುಬಟ್ಟೆ ಸುತ್ತಿದ ಟಾರ್ಚು. ಕತ್ತಲೆಯಲ್ಲಿ ಅವಳ ಉಸಿರು, ನೀರಿನ ಗುಳುಗುಳು, ಪಕ್ಕದ ಮನೆಯ ಟೀವಿ. ಒಡೆಯದಿದ್ದರೆ? ಒಡೆದರೂ ತಮ್ಮ ಕೈಯಲ್ಲಿ ಉಳಿಯದಿದ್ದರೆ? ತಮ್ಮ ವಯಸ್ಸಿಗೆ ಈ ಆಸೆಯೆಲ್ಲ ಯಾಕೆ ಎಂದು ಯಾರಾದರೂ ನಕ್ಕರೆ? ಹೀಗೆ ಅವನು ಒಂದೊಂದೇ ಭಯವನ್ನು ಕತ್ತಲೆಯಲ್ಲಿ ತಡವುತ್ತಿದ್ದಾಗ ಅವಳು ಟಾರ್ಚು ಹೊತ್ತಿಸಿ ಗಾಜಿನ ಮೂಲೆಗೆ ಹಿಡಿದಳು.

"ಏಯ್! ಬಾರೋ ಇಲ್ಲಿ! ನೋಡೋ, ನೋಡೋ!"

ಬೆಳಕಿನ ಆ ಮಂದ ವೃತ್ತಕ್ಕೆ ಎಲ್ಲೆಲ್ಲಿಂದಲೋ ಕೂದಲೆಳೆಗಳು ಈಜಿ ಬರುತ್ತಿದ್ದವು. ಎಳೆಯ ತುದಿಗೆ ಎರಡು ಕಣ್ಣು, ಅಷ್ಟೇ ಮೈ. ಹತ್ತು, ಇಪ್ಪತ್ತು, ಆಮೇಲೆ ಹೊಗೆಯ ಹಾಗೆ. ತನ್ನನ್ನು ಹೆಂಡತಿ ಏಕವಚನದಲ್ಲಿ ಕರೆದಳೆಂಬುದು ಅವನಿಗೆ ಹೊಳೆದದ್ದು ಬಟ್ಟಲನ್ನು ನೀರಿಗೆ ಇಳಿಸಿದ ಮೇಲೆ. ಅಮ್ಮ ಹೋದ ಮೇಲೆ, ಅಕ್ಕನನ್ನು ಬಿಟ್ಟರೆ ಅವನನ್ನು ಹಾಗೆ ಕೂಗಿದವರಿರಲಿಲ್ಲ. "ಟಾರ್ಚು ಅಲ್ಲಾಡಿಸ್ಬೇಡ ಕಣೇ," ಎಂದ, ತನ್ನ ದನಿಗೆ ತಾನೇ ಬೆಚ್ಚಿ. "ನೀನು ಮೊದ್ಲು ಕೈ ನೆಟ್ಟಗೆ ಹಿಡಿ," ಎಂದಳು ಅವಳು. ಬಟ್ಟಲು ಬಟ್ಟಲಾಗಿ ಮೊಗೆದು ಟಬ್ಬಿಗೆ ಇಳಿಸಿದರು. ಕಂಬಳಿ ಬಿಚ್ಚಿದಾಗ ಎಂಟೂವರೆ. ಬೀದಿಯಲ್ಲಿ ಜನ ಇನ್ನೂ ಅಂಗಡಿಗಳಿಂದ ಚೀಲ ಹಿಡಿದು ಮನೆಗೆ ಹೋಗುತ್ತಿದ್ದರು, ಇಂಥದ್ದೊಂದು ನಡೆದೇ ಇಲ್ಲವೆನ್ನುವ ಹಾಗೆ.

ಎಲ್ಲ ಉಳಿಯಲಿಲ್ಲ. ಮರುದಿನವೇ ಕೆಲವು ಸತ್ತು ಟಬ್ಬಿನ ತಳದಲ್ಲಿ ಧೂಳಿನಂತೆ ಕೂತವು, ನಾಲ್ಕನೆಯ ದಿನ ಅರ್ಧಕ್ಕಿಂತ ಹೆಚ್ಚು ಹೋದವು. ಅವಳು ಕೊಳವೆಯಿಂದ ಅವನ್ನು ಹೀರಿ ತೆಗೆಯುವಾಗ ಅವನು ಪಕ್ಕದಲ್ಲೇ ನಿಂತಿರುತ್ತಿದ್ದ; ಎದ್ದು ವರಾಂಡಕ್ಕೆ ಹೋಗಲಿಲ್ಲ. "ಮುನ್ನೂರರಲ್ಲಿ ಹತ್ತು ಉಳಿಸಿದ್ರೂ ನೀವು ಗೆದ್ದ ಹಾಗೆ," ಎಂದು ಅಂಗಡಿಯಾಕೆ ಫೋನಿನಲ್ಲಿ ಹೇಳಿದಳು. ಇಬ್ಬರೂ ದಿನಕ್ಕೆ ನಾಲ್ಕು ಸಲ ಹಸಿರು ನೀರು ಹನಿಸಿದರು. ಅವಳು ಊಟದ ಬಿಡುವಿನಲ್ಲಿ ಶಾಲೆಯಿಂದ ಓಡಿ ಬಂದು ಹೋಗುತ್ತಿದ್ದಳು. ಒಂದು ದಿನ ಅವನೂ ಬಂದ; ಬೀದಿಯ ತಿರುವಿನಲ್ಲಿ ಏದುಸಿರು ಬಿಡುತ್ತ ಇಬ್ಬರೂ ಡಿಕ್ಕಿ ಹೊಡೆದರು.

ಹನ್ನೊಂದನೆಯ ಬೆಳಿಗ್ಗೆ ಅವನು ಬೂಟು ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಸುಮ್ಮನೆ ಒಮ್ಮೆ ಟಬ್ಬಿಗೆ ಬಾಗಿದ. ಅಕ್ಕಿಕಾಳಿನುದ್ದದ ಒಂದು ಮರಿ ತಿರುಗಿತು, ತಿರುಗಿದಾಗ ಕಣ್ಣಿನ ಹಿಂದೆ ಉಗುರಿನ ಗೀರಿನಷ್ಟು ತೆಳ್ಳಗೆ ಬಿಳಿ ಪಟ್ಟಿ ಮಿಂಚಿತು. ಅದರ ಪಕ್ಕದ್ದಕ್ಕೂ ಇತ್ತು. ಕೂಗಬೇಕಾಗಲಿಲ್ಲ, ಅವಳು ಆಗಲೇ ತಲೆಗೆ ತಲೆ ತಾಗಿಸಿ ಬಾಗಿದ್ದಳು, ಒದ್ದೆ ಜಡೆಯಿಂದ ಅವನ ಕುತ್ತಿಗೆಗೆ ನೀರು ಹನಿಯುತ್ತಿತ್ತು. ಇನ್ನು ಇವು ಬದುಕುತ್ತವೆ ಎಂದು ಅವನಿಗೆ ಗೊತ್ತಾಯಿತು. "ಎಷ್ಟಿವೆ?" ಎಂದಳು. ಅವನು ಎಣಿಸಿದ. "ಹನ್ನೊಂದು."

"ಹದಿಮೂರು. ಆ ಕಡೆ ಅಂಚು ನೋಡೇ ಇಲ್ಲ ನೀನು."

ಅವನು ಮತ್ತೆ ಎಣಿಸಿದ. ಅರ್ಧದಲ್ಲಿ ಎರಡು ಮರಿಗಳು ಜಾಗ ಅದಲುಬದಲು ಮಾಡಿಕೊಂಡವು. ಹನ್ನೆರಡು. ಅವಳಿಗೆ ಈಗ ಹದಿನಾಲ್ಕು ಸಿಕ್ಕಿದ್ದವು. ಕೆಳಗೆ ಬೀದಿಯಲ್ಲಿ ಅವನ ಬಸ್ಸು ಬಂದು ನಿಂತು, ಯಾರನ್ನೋ ಹತ್ತಿಸಿಕೊಂಡು ಹೊರಟುಹೋದದ್ದು ಇಬ್ಬರಿಗೂ ಕೇಳಿಸಿತು. ಅವನು ಚೀಲ ಕೆಳಗಿಟ್ಟ. ಬೂಟು ಬಿಚ್ಚಿ, ಟಬ್ಬಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಬೆರಳು ಚಾಚಿ ಮೊದಲಿನಿಂದ ಶುರುಮಾಡಿದ.

"ಒಂದು."

"ಅದನ್ನ ಆಗ್ಲೇ ಎಣಿಸಿ ಆಯ್ತು," ಎಂದಳು ಅವಳು.